ಅಯಸ್ಕಾಂತ ಉದಾಸೀನವೇ?

ತಾನು ಕದಲದೆ ಇನ್ನೊಂದನ್ನು ಕದಲಿಸುವುದು ಸಾಧ್ಯವೇ ಎಂಬ ಪ್ರಶ್ನೆ ಭಾರತೀಯ ದರ್ಶನಗಳಲ್ಲಿ ಮೇಲ್ನೋಟಕ್ಕೆ ತೋರುವುದಕ್ಕಿಂತ ಆಳವಾದದ್ದು. ಪರತತ್ತ್ವವನ್ನು ಪುರುಷನೆನ್ನಲಿ, ಬ್ರಹ್ಮವೆನ್ನಲಿ, ಅದು ನಿರ್ವಿಕಾರ, ಎಂದರೆ ಯಾವ ಬದಲಾವಣೆಗೂ ಒಳಗಾಗದ್ದು, ಎಂದು ಒಪ್ಪಿದ ಮೇಲೆ ಅದೇ ತತ್ತ್ವದ ದೆಸೆಯಿಂದ ಜಗತ್ತು ನಡೆಯುತ್ತಿದೆ ಎಂದೂ ಹೇಳಬೇಕಾಗಿ ಬಂದರೆ ಎರಡು ಮಾತುಗಳ ನಡುವೆ ತೊಡಕೊಂದು ಉಳಿಯುತ್ತದೆ: ನಡೆಸುವವನು ಆ ಕೆಲಸದಲ್ಲಿ ತೊಡಗಿದರೆ ವಿಕಾರಿಯಾಗುತ್ತಾನೆ, ತೊಡಗದಿದ್ದರೆ ನಡೆಸುವವನೇ ಆಗುವುದಿಲ್ಲ. ಈ ತೊಡಕನ್ನು ಬಿಡಿಸಲು ಪ್ರಾಚೀನರು ಬಳಸಿದ ದೃಷ್ಟಾಂತಗಳಲ್ಲಿ ಅಯಸ್ಕಾಂತದ್ದು ಮುಖ್ಯವಾದದ್ದು. ದೃಷ್ಟಾಂತವೆಂದರೆ ವಾದಿ ಪ್ರತಿವಾದಿಗಳಿಬ್ಬರೂ ತಕರಾರಿಲ್ಲದೆ ಒಪ್ಪುವ, ಲೋಕದಲ್ಲಿ ಕಂಡ ಉದಾಹರಣೆ. ಸೂಜಿಗಲ್ಲು ಇದ್ದಲ್ಲೇ ಇರುತ್ತದೆ, ಕೈ ಚಾಚುವುದಿಲ್ಲ, ಹಗ್ಗ ಎಸೆಯುವುದಿಲ್ಲ. ಆದರೂ ಕಬ್ಬಿಣದ ಸೂಜಿ ಅದರತ್ತ ಸರಿದು ಬರುತ್ತದೆ. ಪುರುಷನೂ ಹಾಗೆಯೇ ಹತ್ತಿರವಿರುವ ಮಾತ್ರದಿಂದಲೇ ನಡೆಸುತ್ತಾನೆ ಎಂಬುದು ಆ ದೃಷ್ಟಾಂತದ ತಾತ್ಪರ್ಯ.

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈ ದೃಷ್ಟಾಂತಕ್ಕೆ, ಅದನ್ನು ಬಳಸಿದ ಯಾರೂ ನಿರೀಕ್ಷಿಸದ ದಿಕ್ಕಿನಿಂದ, ಒಂದು ಪರೀಕ್ಷೆ ಎದುರಾಯಿತು. ಚಲಿಸುವ ಕಾಂತವು ತಾಮ್ರದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದೂ, ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಕಾಂತದ ಓಟವನ್ನೇ ಹಿಡಿದು ತಡೆಯುತ್ತದೆ ಎಂದೂ ತಿಳಿದುಬಂದಾಗ, ಕಾಂತವನ್ನು ಉದಾಸೀನತೆಗೆ, ಎಂದರೆ ನಡೆಸಿಯೂ ತನಗೇನೂ ತಾಗದ ತಟಸ್ಥತೆಗೆ, ಮಾದರಿಯಾಗಿ ತೋರಿಸುವುದು ಇನ್ನು ಎಷ್ಟು ಸರಿ ಎಂದು ಕೇಳಬೇಕಾಗಿತ್ತು. ಆಶ್ಚರ್ಯವೆಂದರೆ ಹಾಗೆ ಕೇಳಿದವರು ಕಡಿಮೆ. ವಿಜ್ಞಾನದ ಪಾಠದಲ್ಲಿ ಒಂದು ಕಾಂತ, ವೇದಾಂತದ ಪಾಠದಲ್ಲಿ ಇನ್ನೊಂದು ಕಾಂತ ಎಂಬಂತೆ ಎರಡನ್ನೂ ಬೇರೆ ಬೇರೆ ಕಪಾಟುಗಳಲ್ಲಿ ಇಟ್ಟುಕೊಂಡೇ ಬರಲಾಗಿದೆ.

ದೃಷ್ಟಾಂತದ ಹಳೆಯ ಚರಿತ್ರೆಯನ್ನು ಮೊದಲು ನೋಡಬೇಕು. ಸಾಂಖ್ಯರಿಗೆ ಪ್ರಕೃತಿ ಜಡವಾದರೂ ಕೆಲಸ ಮಾಡುವಂಥದು, ಪುರುಷ ಚೇತನನಾದರೂ ಏನನ್ನೂ ಮಾಡದವನು; ಇಬ್ಬರ ಕೂಟವನ್ನು ಅವರು ಕುರುಡನ ಹೆಗಲೇರಿದ ಕುಂಟನ ಉಪಮೆಯಿಂದಲೂ ಮಣಿಯ ಉಪಮೆಯಿಂದಲೂ ವಿವರಿಸಿದರು. ಇಲ್ಲಿ ಮಣಿಯೆಂದರೆ ಅಯಸ್ಕಾಂತ. ಸಾಂಖ್ಯಪ್ರವಚನಸೂತ್ರಗಳಲ್ಲಿ ಪುರುಷನ ಅಧಿಷ್ಠಾನತ್ವ, ಎಂದರೆ ನಡೆಸುವ ಒಡೆತನ, ಸಾನ್ನಿಧ್ಯದಿಂದಲೇ ಸಿದ್ಧಿಸುತ್ತದೆ ಎಂಬ ಮಾತಿಗೆ ಇದೇ ಆಧಾರ. ಯೋಗಸೂತ್ರಗಳ ವ್ಯಾಸಭಾಷ್ಯದಲ್ಲಾದರೋ ಅದೇ ಕಲ್ಲು ಎದುರು ಪಕ್ಷಕ್ಕೆ ಸೇರಿಬಿಟ್ಟಿದೆ: ಅಲ್ಲಿ ಕಾಂತದಂತಿರುವುದು ಪುರುಷನಲ್ಲ, ಚಿತ್ತ, ಅದು ಹತ್ತಿರವಿರುವುದರಿಂದಲೇ ತನ್ನ ಒಡೆಯನಾದ ಪುರುಷನಿಗೆ ಉಪಕಾರ ಮಾಡುತ್ತದೆ ಎನ್ನಲಾಗಿದೆ. ಒಂದೇ ಉಪಮೆ ಎರಡೂ ಕಡೆಗೆ ಹೀಗೆ ಸಲೀಸಾಗಿ ಹೊಂದಿಕೊಳ್ಳುವುದು ಅದರ ಶಕ್ತಿಯೋ ದೌರ್ಬಲ್ಯವೋ ಎಂಬುದನ್ನು ಓದುಗರೇ ಯೋಚಿಸಬಹುದು. ಇವರಿಗಿಂತ ಎಚ್ಚರದಿಂದ ಮಾತಾಡಿದವರು ವೈಶೇಷಿಕರು. ಸೂಜಿಯು ಕಾಂತದತ್ತ ಸರಿಯುವುದಕ್ಕೆ ಕಣಾದರು ಕೊಟ್ಟ ಕಾರಣ ಅದೃಷ್ಟ. ಇಂದಿನ ಆಡುಮಾತಿನ ಅರ್ಥದಲ್ಲಲ್ಲ, ಕಣ್ಣಿಗೆ ಕಾಣದ ಕಾರಣ ಎಂಬ ಮೂಲ ಅರ್ಥದಲ್ಲಿ. ಅದು ವಿವರಣೆಯಲ್ಲ, ವಿವರಣೆ ಬರಬೇಕಾದ ಜಾಗವನ್ನು ಗುರುತುಮಾಡಿ ಖಾಲಿ ಬಿಟ್ಟದ್ದು, ಮತ್ತು ಹಾಗೆ ಬಿಡುವುದಕ್ಕೂ ಒಂದು ಬಗೆಯ ಪ್ರಾಮಾಣಿಕತೆ ಬೇಕು.

ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದಲ್ಲಿ ಈ ಕಲ್ಲು ಎರಡು ಸಲ, ಅದೂ ಒಂದೇ ಪಾದದೊಳಗೆ, ಕಾಣಿಸಿಕೊಳ್ಳುತ್ತದೆ. ಎರಡನೆಯ ಅಧ್ಯಾಯದ ಎರಡನೆಯ ಪಾದದ ಆರಂಭದಲ್ಲಿ, ತನ್ನಲ್ಲಿ ಪ್ರವೃತ್ತಿಯಿಲ್ಲದ ಬ್ರಹ್ಮ ಇತರರನ್ನು ಪ್ರವರ್ತಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಅವರು ಕೊಡುವ ಉತ್ತರಗಳಲ್ಲಿ ಅಯಸ್ಕಾಂತವೂ ಒಂದು: ತಾನು ಚಲಿಸದಿದ್ದರೂ ಅದು ಕಬ್ಬಿಣವನ್ನು ಚಲಿಸುವಂತೆ ಮಾಡುತ್ತದೆಯಷ್ಟೆ. ಅದರ ಜೊತೆಗೇ ಇನ್ನೊಂದು ಉದಾಹರಣೆಯನ್ನೂ ಅವರು ಇಡುತ್ತಾರೆ: ರೂಪ ಮೊದಲಾದ ವಿಷಯಗಳು ತಾವು ಸುಮ್ಮನಿದ್ದೇ ಕಣ್ಣು ಮೊದಲಾದ ಇಂದ್ರಿಯಗಳನ್ನು ಎಳೆಯುತ್ತವೆ. ಇದಾದ ಕೆಲವೇ ಸೂತ್ರಗಳ ನಂತರ, ಏಳನೆಯ ಸೂತ್ರದಲ್ಲಿ, ಸಾಂಖ್ಯರು ಅದೇ ಕಾಂತವನ್ನು ಹಿಡಿದು ಬಂದಾಗ ಶಂಕರರು ಅದನ್ನು ಒಪ್ಪುವುದಿಲ್ಲ. ಅಲ್ಲಿ ಅವರ ತಕರಾರು ಬಹಳ ಸೂಕ್ಷ್ಮವಾದದ್ದು. ಪುರುಷನ ಸನ್ನಿಧಿ ನಿತ್ಯವಾದುದರಿಂದ, ಸನ್ನಿಧಿಯೊಂದೇ ಕಾರಣವಾದರೆ ಚಲನೆಯೂ ನಿತ್ಯವಾಗಿಬಿಡಬೇಕು, ಸೃಷ್ಟಿಗೆ ಬಿಡುವೇ ಇರಬಾರದು; ಕಾಂತದ ಸನ್ನಿಧಿಯಾದರೆ ಒಮ್ಮೆ ಇದ್ದು ಒಮ್ಮೆ ಇಲ್ಲದ್ದು, ಅದು ಹತ್ತಿರ ಬರುವುದೇ ಅದರ ಒಂದು ವ್ಯಾಪಾರ, ಮೇಲಾಗಿ ಅದಕ್ಕೆ ಉಜ್ಜಿ ಶುಚಿಗೊಳಿಸುವಂಥ ಬೇರೆ ಅಪೇಕ್ಷೆಗಳೂ ಉಂಟು. ಹೀಗೆ ಕಾಂತ ಕೇವಲ ಇರುವುದರಿಂದ ಕೆಲಸ ಮಾಡುವುದಲ್ಲ, ಬರುವುದರಿಂದ ಮಾಡುವುದು ಎಂಬ ಅಂಶವನ್ನು ಅವರು ವಾದದ ಹಟದಲ್ಲಿಯೇ ಹೊರತೆಗೆದರು. ತಮ್ಮ ಪಕ್ಷದಲ್ಲಿ ಅದೇ ಉಪಮೆಯನ್ನು ಬಳಸಿದ್ದರ ಹೊಣೆಯಿಂದ ಪಾರಾಗಲು ಅವರಿಗೆ ಮಾಯೆಯ ನೆರವು ಬೇಕಾಯಿತು: ಪರಮಾತ್ಮ ಸ್ವರೂಪದಿಂದ ಉದಾಸೀನ, ಮಾಯೆಯಿಂದ ಪ್ರವರ್ತಕ.

ಕುಂದಾಪುರ ಬೈಂದೂರು ಸೀಮೆಯಲ್ಲಿ ಈ ಚರ್ಚೆ ಪುಸ್ತಕದ ಚರ್ಚೆಯಷ್ಟೇ ಅಲ್ಲ. ಮರವಂತೆಗೆ ತಾಗಿಕೊಂಡಂತಿರುವ ನಾವುಂದ, ಪಶ್ಚಿಮಕ್ಕೆ ಸಮುದ್ರವನ್ನೂ ನಡುವೆ ರಾಷ್ಟ್ರೀಯ ಹೆದ್ದಾರಿಯನ್ನೂ ಇಟ್ಟುಕೊಂಡ ಕರಾವಳಿಯ ಊರು. ಅದರ ಪೂರ್ವದ ಬೆಟ್ಟಗಳ ಕಡೆಗಿರುವ ಕೊಲ್ಲೂರಿನಲ್ಲಿ ಮೂಕಾಂಬಿಕೆಯನ್ನು ಪ್ರತಿಷ್ಠಿಸಿದವರು ಶಂಕರರೇ ಎಂಬುದು ಐತಿಹ್ಯ, ದಕ್ಷಿಣದ ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠಿಸಿದವರು ಮಧ್ವಾಚಾರ್ಯರು. ನಿಷ್ಕ್ರಿಯ ಬ್ರಹ್ಮವನ್ನು ಹೇಳಿದವರ ಹೆಸರು ಒಂದು ಕಡೆ, ಸರ್ವಕರ್ತೃವಾದ ಹರಿಯನ್ನು ಹೇಳಿದವರ ಹೆಸರು ಇನ್ನೊಂದು ಕಡೆ. ಎರಡು ಕ್ಷೇತ್ರಗಳಿಗೂ ಒಂದೇ ಮನೆಯವರು ಒಂದೇ ಭಕ್ತಿಯಿಂದ ಹೋಗಿ ಬರುವುದು ಈ ಭಾಗದ ರೂಢಿ. ತತ್ತ್ವದ ಜಗಳ ಊಟದ ಪಂಕ್ತಿಗೆ ಬಾರದಂತೆ ನೋಡಿಕೊಳ್ಳುವ ಜಾಣ್ಮೆ ಇಲ್ಲಿನವರಿಗಿದೆ.

ಇನ್ನು ಭೌತಶಾಸ್ತ್ರದ ಕಡೆಗೆ ಬರಬೇಕು. 1824ರಲ್ಲಿ ಪ್ಯಾರಿಸ್ಸಿನ ಫ್ರಾಂಸ್ವಾ ಅರಾಗೊ, ತಾಮ್ರದ ತಟ್ಟೆಯ ಮೇಲೆ ತೂಗಿಬಿಟ್ಟ ಕಾಂತದ ಮುಳ್ಳು ಬೇಗನೆ ತೂಗಾಟ ನಿಲ್ಲಿಸುತ್ತದೆ ಎಂಬುದನ್ನೂ, ತಟ್ಟೆಯನ್ನೇ ತಿರುಗಿಸಿದರೆ ಮುಳ್ಳು ಅದರ ಹಿಂದೆ ತಿರುಗಲು ತೊಡಗುತ್ತದೆ ಎಂಬುದನ್ನೂ ಲೋಕಕ್ಕೆ ತೋರಿಸಿದನು. ತಾಮ್ರ ಕಾಂತಕ್ಕೆ ಅಂಟುವ ಲೋಹವಲ್ಲ. ಅಂಟದ ಲೋಹ ಕಾಂತವನ್ನು ಹಿಡಿಯುವುದು ಹೇಗೆ ಎಂಬುದು ಏಳು ವರ್ಷ ಒಗಟಾಗಿಯೇ ಉಳಿಯಿತು. ಒಗಟನ್ನು ಬಿಡಿಸಿದವನು ಲಂಡನ್ನಿನ ಮೈಕೆಲ್ ಫ್ಯಾರಡೆ, ಸ್ಯಾಂಡೆಮನಿಯನ್ ಎಂಬ ಸಣ್ಣ ಕ್ರೈಸ್ತ ಪಂಗಡದ ನಿಷ್ಠಾವಂತ ಸದಸ್ಯ. 1831ರ ಅಕ್ಟೋಬರಿನಲ್ಲಿ ಅವನು ತಂತಿಯ ಸುರುಳಿಯೊಳಗೆ ಕಾಂತದ ದಂಡವನ್ನು ತೂರಿಸಿದಾಗ ಸುರುಳಿಗೆ ಜೋಡಿಸಿದ ಮಾಪಕದ ಮುಳ್ಳು ಒಂದು ಕಡೆಗೆ ಹೊರಳಿತು, ಹೊರಗೆಳೆದಾಗ ಇನ್ನೊಂದು ಕಡೆಗೆ ಹೊರಳಿತು, ಕಾಂತವನ್ನು ಒಳಗೇ ಬಿಟ್ಟು ಸುಮ್ಮನಿದ್ದಾಗ ಮುಳ್ಳೂ ಸುಮ್ಮನಿತ್ತು. ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರುವಷ್ಟು ಹೊತ್ತು ಮಾತ್ರ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬ ಈ ಸಂಗತಿಗೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು. ಕಾಂತ ಎಷ್ಟೇ ಬಲವಾಗಿರಲಿ, ಎಷ್ಟೇ ಹತ್ತಿರವಿರಲಿ, ಕದಲದಿದ್ದರೆ ಸುರುಳಿಯ ಪಾಲಿಗೆ ಅದು ಇದ್ದೂ ಇಲ್ಲದಂತೆ. ಸನ್ನಿಧಿಮಾತ್ರದಿಂದ ಏನೂ ನಡೆಯದು, ಬರುವುದೇ ವ್ಯಾಪಾರ ಎಂದು ಶಂಕರರು ಸಾಂಖ್ಯರ ವಿರುದ್ಧ ತರ್ಕದಿಂದ ಹೇಳಿದ್ದಕ್ಕೂ ಈ ಪ್ರಯೋಗಕ್ಕೂ ಇರುವ ಹೋಲಿಕೆ ಗಮನ ಸೆಳೆಯುವಂಥದು. ಆದರೆ ಇದರಿಂದ ಶಂಕರರಿಗೆ ವಿದ್ಯುತ್ತಿನ ನಿಯಮ ಗೊತ್ತಿತ್ತು ಎಂದು ಹೇಳುವುದು, ಇತ್ತೀಚೆಗೆ ಹೆಚ್ಚಾಗಿರುವ ಒಂದು ಬಗೆಯ ಹುಸಿ ಅಭಿಮಾನವಾದೀತು. ಅವರ ಮುಂದಿದ್ದುದು ಸೂಜಿಗಲ್ಲು ಮತ್ತು ಕಬ್ಬಿಣ, ತಂತಿಯ ಸುರುಳಿಯಲ್ಲ. ಕಬ್ಬಿಣವನ್ನು ಎಳೆಯುವುದಕ್ಕೆ ಕಾಂತ ಕದಲುತ್ತಲೇ ಇರಬೇಕಾಗಿಯೂ ಇಲ್ಲ. ಹೋಲುವುದು ತರ್ಕದ ಆಕಾರ ಮಾತ್ರ.

ಹುಟ್ಟಿದ ವಿದ್ಯುತ್ತಿನ ದಿಕ್ಕು ಯಾವುದು ಎಂಬುದನ್ನು ನಿಯಮವಾಗಿ ಹೇಳಿದವನು ಪೀಟರ್ಸ್‌ಬರ್ಗಿನ ಹೈನ್ರಿಕ್ ಲೆನ್ಸ್. 1834ರಲ್ಲಿ ಪ್ರಕಟವಾದ ಅವನ ನಿಯಮದ ಸಾರವೆಂದರೆ, ಪ್ರೇರಿತವಾದ ವಿದ್ಯುತ್ತು ಯಾವಾಗಲೂ ತನ್ನನ್ನು ಹುಟ್ಟಿಸಿದ ಚಲನೆಯನ್ನು ವಿರೋಧಿಸುವ ದಿಕ್ಕಿನಲ್ಲಿಯೇ ಹರಿಯುತ್ತದೆ. ಉತ್ತರ ಧ್ರುವ ಹತ್ತಿರ ಬಂದರೆ ಸುರುಳಿಯ ಆ ಮುಖ ತಾನೂ ಉತ್ತರ ಧ್ರುವವಾಗಿ ಅದನ್ನು ತಳ್ಳುತ್ತದೆ, ದೂರ ಹೋದರೆ ದಕ್ಷಿಣವಾಗಿ ಹಿಂದಕ್ಕೆ ಎಳೆಯುತ್ತದೆ; ಬರಗೊಡದು, ಹೋಗಗೊಡದು. ಇದು ತದ್ವಿರುದ್ಧವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನಿಯಮದ ಹಿಂದಿನ ಕಾರಣ ತಿಳಿಯುತ್ತದೆ: ಒಮ್ಮೆ ಮೆಲ್ಲನೆ ತಳ್ಳಿದ ಕಾಂತವನ್ನು ಸುರುಳಿ ಇನ್ನಷ್ಟು ಎಳೆದುಕೊಂಡು, ಅದರಿಂದ ಇನ್ನಷ್ಟು ವಿದ್ಯುತ್ತು ಹುಟ್ಟಿ, ಅದು ಮತ್ತಷ್ಟು ಎಳೆದು, ಯಾರೂ ಬೆಲೆ ತೆರದೆಯೇ ಶಕ್ತಿ ಹುಟ್ಟುತ್ತಲೇ ಹೋಗುತ್ತಿತ್ತು. ಶಕ್ತಿ ಹುಟ್ಟುವುದೂ ಇಲ್ಲ ಸಾಯುವುದೂ ಇಲ್ಲ ಎಂಬ ತತ್ತ್ವವನ್ನು ಹೆಲ್ಮ್‌ಹೋಲ್ಟ್ಸ್ ವಿಸ್ತಾರವಾಗಿ ಮಂಡಿಸಿದ್ದು 1847ರಲ್ಲಿ. ಲೆನ್ಸನ ನಿಯಮ ಅದಕ್ಕಿಂತ ಮೊದಲೇ ಅದರ ಒಂದು ತುಣುಕನ್ನು ಹಿಡಿದಿತ್ತು.

ಲೋಹದ ತಗಡು, ಕೊಳವೆ, ತಟ್ಟೆಗಳಂಥ ಅಗಲವಾದ ವಸ್ತುಗಳ ಬಳಿ ಕಾಂತ ಚಲಿಸಿದಾಗ ಪ್ರೇರಿತ ವಿದ್ಯುತ್ತು ತಂತಿಯಲ್ಲಿ ಹರಿದಂತೆ ಒಂದು ದಾರಿಯಲ್ಲಿ ಹರಿಯದೆ, ಹೊಳೆಯ ನೀರು ಕಂಬಕ್ಕೆ ಬಡಿದು ಸುಳಿಯಾಗುವಂತೆ, ಲೋಹದ ಮೈಯೊಳಗೇ ಸುತ್ತುತ್ತದೆ; ಇದನ್ನು ಸುಳಿ ವಿದ್ಯುತ್ತೆಂದು ಕರೆಯುತ್ತಾರೆ, ಇದರಿಂದಾಗುವ ನಿಧಾನವೇ ಕಾಂತೀಯ ತಡೆ. ಕರಾವಳಿಯ ಹಳೆಯ ಮನೆಗಳ ಬಚ್ಚಲಲ್ಲಿರುವ ತಾಮ್ರದ ಹಂಡೆಯ ಮೇಲೆ ಬಲವಾದ ಕಾಂತದ ಬಿಲ್ಲೆಯೊಂದನ್ನು ಇಟ್ಟರೆ ಅದು ಅಂಟಿಕೊಳ್ಳುವುದಿಲ್ಲ. ಆದರೆ ಹಂಡೆಯ ಓರೆ ಮೈಯ ಮೇಲೆ ಜಾರಲು ಬಿಟ್ಟರೆ, ಎಣ್ಣೆಯಲ್ಲಿ ಮುಳುಗಿದಂತೆ, ಮೆಲ್ಲಗೆ ಇಳಿಯುತ್ತದೆ. ದಪ್ಪನೆಯ ತಾಮ್ರದ ಕೊಳವೆಯೊಳಗೆ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ: ಒಂದು ಮೀಟರು ಉದ್ದದ ಕೊಳವೆಯಲ್ಲಿ ಸಾಧಾರಣ ಕಲ್ಲು ಅರ್ಧ ಸೆಕೆಂಡೂ ತೆಗೆದುಕೊಳ್ಳದೆ ಬಿದ್ದುಹೋದರೆ, ನಿಯೋಡಿಮಿಯಮ್ ಕಾಂತ ಹಲವು ಸೆಕೆಂಡು ತೆಗೆದುಕೊಂಡು, ಗೋಡೆಗೆ ತಾಗದೆ, ಒಂದೇ ಹದದ ವೇಗದಲ್ಲಿ ಕೆಳಗಿಳಿಯುತ್ತದೆ. ಆ ಕೊಳವೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದ್ದರೆ, ಕಾಂತ ಸಮವೇಗದಿಂದ ಇಳಿಯುತ್ತಿರುವಷ್ಟು ಹೊತ್ತು, ಕೊಳವೆಯ ತೂಕದ ಜೊತೆಗೆ ಕಾಂತದ ತೂಕವನ್ನೂ ತಕ್ಕಡಿ ತೋರಿಸುತ್ತದೆ. ಮುಟ್ಟದಿದ್ದರೂ ಕೊಳವೆ ಅದರ ಭಾರವನ್ನು ಹೊರುತ್ತಿರುತ್ತದೆ. ಕಾಂತ ಕಳೆದುಕೊಂಡ ಎತ್ತರದ ಶಕ್ತಿ ಕೊಳವೆಯಲ್ಲಿ ಬಿಸಿಯಾಗಿ ಸೇರುತ್ತದೆ. ಕಾಂತದ ನಡುವೆ ತಿರುಗುವ ತಾಮ್ರದ ತಟ್ಟೆ ಹೀಗೆ ಬಿಸಿಯೇರುವುದನ್ನು 1855ರಲ್ಲಿ ಫೂಕೋ ತೋರಿಸಿದನು. ಇಂದಿನ ಇಂಡಕ್ಷನ್ ಒಲೆಯ ಮೇಲೆ ಪಾತ್ರೆಯ ತಳ ಕಾಯುವುದಕ್ಕೂ ಸುಳಿ ವಿದ್ಯುತ್ತೇ ಮುಖ್ಯ ಕಾರಣ. ಈ ತಡೆಯ ಇನ್ನೊಂದು ಗುಣ ತತ್ತ್ವಚಿಂತಕನಿಗೆ ಮುಖ್ಯವಾದದ್ದು: ಅದು ವೇಗಕ್ಕೆ ತಕ್ಕಷ್ಟೇ ಇರುತ್ತದೆ. ಕಾಂತ ನಿಧಾನವಾದಷ್ಟೂ ತಡೆಯೂ ಸೋಲುತ್ತದೆ, ಆದ್ದರಿಂದ ಸಾಮಾನ್ಯ ಲೋಹದಲ್ಲಿ ಅದು ಬೀಳುವ ಕಾಂತವನ್ನು ಸಾವಕಾಶ ಮಾಡಬಲ್ಲದೇ ಹೊರತು ಪೂರ್ತಿ ನಿಲ್ಲಿಸಲಾರದು.

ನಾವುಂದದಂಥ ಊರಿನ ಮನೆಮನೆಯಲ್ಲಿಯೂ ಕಾಂತೀಯ ತಡೆ ಒಂದು ಕಾಲಕ್ಕೆ ಎಲ್ಲರ ಕಣ್ಣೆದುರೇ ಇತ್ತು. ಚಾವಡಿಯ ಗೋಡೆಗೆ ಹಲಗೆಯ ಮೇಲೆ ಕೂರಿಸಿದ ಹಳೆಯ ಕರೆಂಟು ಮೀಟರಿನ ಗಾಜಿನ ಕಿಂಡಿಯೊಳಗೆ, ಅಂಚಿನಲ್ಲಿ ಬಣ್ಣದ ಗುರುತೊಂದನ್ನು ಹೊತ್ತ ಅಲ್ಯೂಮಿನಿಯಂ ತಟ್ಟೆ ಮಲಗಿಕೊಂಡು ತಿರುಗುತ್ತಿತ್ತು. ದೀಪವೊಂದೇ ಉರಿಯುತ್ತಿದ್ದರೆ ಆ ಗುರುತು ಮರಳಿ ಬರುವುದನ್ನು ಕಾಯಬೇಕಾಗುತ್ತಿತ್ತು, ಬಾವಿಯ ಪಂಪು ಹಾಕಿದರೆ ಸರಸರನೆ ಓಡುತ್ತಿತ್ತು. ತಟ್ಟೆಯ ಒಂದು ಬದಿಯಲ್ಲಿ ಮೇಲೂ ಕೆಳಗೂ ಎರಡು ಸುರುಳಿಗಳು, ಒಂದು ತೆಳ್ಳನೆಯ ತಂತಿಯದು, ಇನ್ನೊಂದು ದಪ್ಪ ತಂತಿಯ ಕೆಲವೇ ಸುತ್ತುಗಳದು. ಇವು ತಟ್ಟೆಯಲ್ಲಿ ಸುಳಿ ವಿದ್ಯುತ್ತನ್ನು ಹುಟ್ಟಿಸಿ, ಮನೆ ಬಳಸುತ್ತಿರುವ ವಿದ್ಯುತ್ತಿಗೆ ತಕ್ಕ ಬಲದಿಂದ ಅದನ್ನು ತಿರುಗಿಸುತ್ತವೆ. ಇಷ್ಟೇ ಇದ್ದರೆ ತಟ್ಟೆಯ ವೇಗ ಏರುತ್ತಲೇ ಹೋಗಿ ಅದರಿಂದ ಯಾವ ಲೆಕ್ಕವೂ ಸಿಗುತ್ತಿರಲಿಲ್ಲ. ಆದ್ದರಿಂದ ಇನ್ನೊಂದು ಬದಿಯಲ್ಲಿ, ತಟ್ಟೆಯ ಅಂಚನ್ನು ಮುಟ್ಟದೆ ಬಾಯಿಯೊಳಗೆ ಹಿಡಿದುಕೊಂಡಂತೆ, ಲಾಳದಾಕಾರದ ಒಂದು ಶಾಶ್ವತ ಕಾಂತವನ್ನು ಕೂರಿಸಿರುತ್ತಾರೆ. ತಟ್ಟೆ ಅದರ ಬಾಯೊಳಗಿಂದ ಹಾಯುವಾಗ ಮತ್ತೆ ಸುಳಿ ವಿದ್ಯುತ್ತು ಹುಟ್ಟುತ್ತದೆ, ಈ ಸಲ ತಡೆಯುವುದಕ್ಕೆ. ತಿರುಗಿಸುವ ಬಲ ಬಳಕೆಗೆ ತಕ್ಕಷ್ಟು, ತಡೆಯುವ ಬಲ ವೇಗಕ್ಕೆ ತಕ್ಕಷ್ಟು, ಎರಡೂ ಸಮವಾದ ವೇಗದಲ್ಲಿ ತಟ್ಟೆ ನೆಲೆಗೊಳ್ಳುವುದರಿಂದ ಸುತ್ತುಗಳನ್ನು ಎಣಿಸಿದರೆ ಯೂನಿಟ್ಟುಗಳು ಸಿಗುತ್ತವೆ. ಅಳತೆ ಸಾಧ್ಯವಾದದ್ದು ನಡೆಸುವ ಬಲದಿಂದಲ್ಲ, ತಡೆಯುವ ಬಲದಿಂದ. ಈಗ ಗೋಡೆಗಳ ಮೇಲೆ ಕೆಂಪು ಚುಕ್ಕಿ ಮಿಟುಕಿಸುವ ಎಲೆಕ್ಟ್ರಾನಿಕ್ ಮೀಟರುಗಳು ಬಂದು ಆ ತಟ್ಟೆಯ ದರ್ಶನ ತಪ್ಪಿಹೋಗಿದೆ.

ಆ ವಿದ್ಯುತ್ತು ಹುಟ್ಟುವ ಒಂದು ಜಾಗವೂ ಇದೇ ಸೀಮೆಯಲ್ಲಿದೆ. ಘಟ್ಟದ ಬುಡದ ಹೊಸಂಗಡಿಯಲ್ಲಿ ಬಂಡೆಯೊಳಗೆ ಕೊರೆದು ಕಟ್ಟಿರುವ ವಾರಾಹಿ ಭೂಗತ ವಿದ್ಯುದಾಗಾರದಲ್ಲಿ ತಲಾ 115 ಮೆಗಾವಾಟಿನ 4 ಘಟಕಗಳಿವೆ, ಒಟ್ಟು 460 ಮೆಗಾವಾಟು. ಘಟ್ಟದ ಮೇಲಿಂದ ಧುಮುಕುವ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರದ ಅಚ್ಚಿಗೆ ಜೋಡಿಸಿದ ವಿದ್ಯುತ್ಕಾಂತಗಳು ಸುತ್ತಲಿನ ನಿಶ್ಚಲ ಸುರುಳಿಗಳ ಎದುರು ಸುತ್ತುತ್ತವೆ. ಫ್ಯಾರಡೆ ಕೈಯಿಂದ ತೂರಿಸಿದ ದಂಡದ ದೈತ್ಯರೂಪವದು. ಇಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಯಾರೂ ವಿದ್ಯುತ್ತನ್ನು ಬಳಸದಿದ್ದರೆ ಸುರುಳಿಯಲ್ಲಿ ಪ್ರವಾಹವಿಲ್ಲ, ಪ್ರವಾಹವಿಲ್ಲದಿದ್ದರೆ ತಡೆಯಿಲ್ಲ, ಕಾಂತಗಳನ್ನು ಸುತ್ತಿಸುವುದಕ್ಕೆ ಬೇರಿಂಗು ಗಾಳಿಗಳ ಸಣ್ಣಪುಟ್ಟ ಸವೆತವನ್ನು ತುಂಬುವಷ್ಟು ನೀರು ಸಾಕು. ನಾವುಂದದ ಮನೆಯೊಂದರಲ್ಲಿ ದೀಪ ಹಾಕಿದ ಕ್ಷಣ, ಜಾಲಕ್ಕೆ ಜೋಡಿಸಿದ ಎಲ್ಲ ವಿದ್ಯುಜ್ಜನಕಗಳ ಮೇಲೂ ಆ ದೀಪದ ಪಾಲಿನ ಭಾರ ಹಂಚಿಹೋಗಿ, ತಿರುಗುವ ಕಾಂತಗಳು ಅಷ್ಟರಮಟ್ಟಿಗೆ ಹಿಡಿದೆಳೆಯಲ್ಪಡುತ್ತವೆ. ಸೆಕೆಂಡಿಗೆ 50 ಆವೃತ್ತಿಯ ಲಯ ಅಳತೆಗೆ ಸಿಗದಷ್ಟು ಕುಗ್ಗುತ್ತದೆ, ಅದನ್ನು ಸರಿದೂಗಿಸಲು ಎಲ್ಲೋ ಒಂದು ಕಡೆ ನೀರಿನ ಬಾಯಿ ಕೂದಲೆಳೆಯಷ್ಟು ಹೆಚ್ಚು ತೆರೆಯಬೇಕಾಗುತ್ತದೆ. ಪಡೆಯುವವನು ಕೊಡುವವನನ್ನು ಹಿಡಿದು ಎಳೆಯದೆ ಪಡೆಯಲಾರ. ಕೊಂಕಣ ರೈಲ್ವೆಯ ರೋಹಾದಿಂದ ತೋಕೂರಿನವರೆಗಿನ 740 ಕಿಲೋಮೀಟರು ಹಳಿ ಪೂರ್ತಿ ವಿದ್ಯುದೀಕರಣಗೊಂಡು 2022ರ ಜೂನ್‌ನಲ್ಲಿ ಸಮರ್ಪಣೆಯಾದ ಮೇಲೆ, ಸೇನಾಪುರ ಬಿಜೂರುಗಳನ್ನು ಹಾದುಹೋಗುವ ಹೊಸ ಬಗೆಯ ಇಂಜಿನುಗಳೂ ಇದೇ ನಿಯಮವನ್ನು ಬ್ರೇಕಿಗೆ ಬಳಸುತ್ತವೆ: ವೇಗ ತಗ್ಗಿಸಬೇಕಾದಾಗ ಮೋಟಾರು ವಿದ್ಯುಜ್ಜನಕವಾಗಿ, ರೈಲಿನ ಓಟವನ್ನು ತಡೆದು, ಹಾಗೆ ಹುಟ್ಟಿದ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸುತ್ತದೆ.

ಈಗ ದೃಷ್ಟಾಂತಕ್ಕೆ ಮರಳಿದರೆ, ಕಾಂತ ಉದಾಸೀನವೆಂಬ ಮಾತು ಯಾವ ಕಡೆಯಿಂದಲೂ ನಿಲ್ಲುವುದಿಲ್ಲ. ವಿದ್ಯುತ್ತಿನ ಮಾತೇ ಬೇಡ, ಸೂಜಿಗಲ್ಲು ಕಬ್ಬಿಣಗಳ ಸರಳ ಆಕರ್ಷಣೆಯಲ್ಲಿಯೂ ಅದು ಸುಳ್ಳು: ಕಾಂತವನ್ನೂ ಕಬ್ಬಿಣವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು ನಿಂತ ನೀರಿನ ಮೇಲೆ ಅಕ್ಕಪಕ್ಕ ತೇಲಿಬಿಟ್ಟು, ಒಂದು ಇನ್ನೊಂದನ್ನು ತಳ್ಳಿಕೊಂಡು ಹೋಗದೆ ಎರಡೂ ಒಂದಕ್ಕೊಂದು ಒತ್ತಿ ನಿಲ್ಲುವುದನ್ನು ನ್ಯೂಟನ್ ತನ್ನ ಪ್ರಿನ್ಸಿಪಿಯಾದಲ್ಲಿ ದಾಖಲಿಸಿದ್ದಾನೆ. ಕಬ್ಬಿಣ ಕಾಂತವನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ಕಾಂತ ದೊಡ್ಡದಾಗಿ ಸೂಜಿ ಸಣ್ಣದಾದ್ದರಿಂದ, ಅಥವಾ ಕಾಂತ ಕೈಯಲ್ಲಿ ಭದ್ರವಾಗಿದ್ದುದರಿಂದ, ನೋಡಿದವರಿಗೆ ಸೂಜಿಯ ಚಲನೆಯಷ್ಟೇ ಕಂಡಿತು. ಐನ್‌ಸ್ಟೈನನ 1905ರ ಸಾಪೇಕ್ಷತೆಯ ಪ್ರಬಂಧ ಆರಂಭವಾಗುವುದೂ ಕಾಂತ ಮತ್ತು ತಂತಿಯ ಉದಾಹರಣೆಯಿಂದಲೇ: ಕಾಂತ ಕದಲಿ ತಂತಿ ನಿಂತಿರಲಿ, ತಂತಿ ಕದಲಿ ಕಾಂತ ನಿಂತಿರಲಿ, ಹುಟ್ಟುವ ವಿದ್ಯುತ್ತು ಅವೆರಡರ ಪರಸ್ಪರ ಚಲನೆಯನ್ನಷ್ಟೇ ಅವಲಂಬಿಸುತ್ತದೆ. ಹಾಗಾದರೆ ಯಾವುದು ನಡೆಸುವುದು, ಯಾವುದು ನಡೆಯುವುದು ಎಂಬ ಭೇದವೇ ಆ ಮಟ್ಟದಲ್ಲಿ ಕರಗಿಹೋಗುತ್ತದೆ.

ದೃಷ್ಟಾಂತವನ್ನು ಎಲ್ಲ ಅಂಶಗಳಲ್ಲಿಯೂ ಹಿಡಿಯಬಾರದು, ಮುಖವನ್ನು ಚಂದ್ರನೆಂದವರು ಮುಖದಲ್ಲಿ ಕಲೆ ಇದೆ ಎಂದು ಹೇಳಿದಂತಲ್ಲ, ಎಂಬ ಸಮಾಧಾನ ಇಲ್ಲಿ ಬರುವುದು ಸಹಜ. ಸಮಾಧಾನ ನ್ಯಾಯವಾದದ್ದೇ, ಆದರೆ ಕಾಂತವನ್ನು ತಂದದ್ದು ಅದರ ಬಣ್ಣಕ್ಕಾಗಲಿ ಆಕಾರಕ್ಕಾಗಲಿ ಅಲ್ಲ, ನಡೆಸಿಯೂ ತಾನು ಬಾಧಿತವಾಗದೆ ಇರುವ ಗುಣಕ್ಕೆ, ಮತ್ತು ಇಲ್ಲವಾಗಿರುವುದು ಆ ಗುಣವೇ. ದೃಷ್ಟಾಂತ ಬಿದ್ದರೆ ಸಿದ್ಧಾಂತ ಬಿದ್ದಂತಾಗುವುದಿಲ್ಲ ಎಂಬುದೂ ನಿಜ. ಪ್ರಕೃತಿಯೊಳಗಿನ ಒಂದು ಕಲ್ಲು ಉದಾಸೀನವಲ್ಲ ಎಂದಮಾತ್ರಕ್ಕೆ ಪ್ರಕೃತಿಗೆ ಆಚೆಗಿನದೂ ಉದಾಸೀನವಾಗಿರಲಾರದು ಎಂದು ತೀರ್ಮಾನಿಸಲು ಬರುವುದಿಲ್ಲ. ಆದರೆ ಅಂಥದು ಲೋಕದಲ್ಲಿ ಕಂಡದ್ದೇ ಎಂದು ಬೆರಳು ತೋರಿಸುವ ಅನುಕೂಲ ಸಾಂಖ್ಯನಿಗೆ ಇನ್ನಿಲ್ಲ. ಲೆನ್ಸನ ನಿಯಮವೇ ಕರ್ಮಸಿದ್ಧಾಂತ, ಮಾಡಿದ್ದು ಮರಳಿ ಬರುತ್ತದೆ, ಎಂದು ಹೇಳುವ ಇನ್ನೊಂದು ರೂಢಿಯ ಬಗೆಗೂ ಒಂದು ಮಾತು ಸಾಕು: ಕರ್ಮದಲ್ಲಿ ಮಾಡಿದವನ ಸಂಕಲ್ಪಕ್ಕೂ ಧರ್ಮಾಧರ್ಮಕ್ಕೂ ಸ್ಥಾನವಿದೆ, ತಾಮ್ರದ ಕೊಳವೆಗೆ ಅದಾವುದೂ ಗೊತ್ತಿಲ್ಲ.

ದ್ವೈತವೆಂದು ಹೆಸರಾದ ಮಧ್ವಾಚಾರ್ಯರ ತತ್ತ್ವವಾದಕ್ಕೆ ಈ ಕಾಂತದ ಹಂಗು ಬೇಕಾಗಿಯೇ ಇರಲಿಲ್ಲ. ತತ್ತ್ವಸಂಖ್ಯಾನದಲ್ಲಿ ಅವರು ಇರುವುದೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಸ್ವತಂತ್ರ ತತ್ತ್ವ ವಿಷ್ಣುವೊಬ್ಬನೇ ಎನ್ನುತ್ತಾರೆ. ಆತ ಬರಿಯ ಸನ್ನಿಧಿಯಿಂದ ನಡೆಸುವವನಲ್ಲ, ನಿಜವಾಗಿಯೇ ಕರ್ತೃ, ಆದರೂ ಕರ್ತೃತ್ವದಿಂದ ಅವನಿಗೆ ದೋಷವಾಗಲಿ ಕೊರತೆಯಾಗಲಿ ತಾಗುವುದಿಲ್ಲ, ಏಕೆಂದರೆ ಅವನ ಇರವು ಇನ್ನಾವುದನ್ನೂ ಅವಲಂಬಿಸಿಲ್ಲ. ಈ ವಿಂಗಡಣೆಯ ದೃಷ್ಟಿಯಿಂದ ನೋಡಿದರೆ ಕಾಂತೀಯ ತಡೆ ಹೇಳುವುದು ಬಹಳ ಸರಳ: ಕಾಂತವು ಅಸ್ವತಂತ್ರಗಳ ಸಾಲಿಗೆ ಸೇರಿದ್ದು, ನಡೆಸುವಾಗಲೂ ನಡೆಸಲ್ಪಡುವಂಥದು. ಶಕ್ತಿಯ ಲೆಕ್ಕಕ್ಕೆ ಒಳಪಟ್ಟ ಯಾವ ವಸ್ತುವೂ ಸ್ವತಂತ್ರಕ್ಕೆ ಉದಾಹರಣೆಯಾಗದು. ದ್ವೈತಿಗೆ ಇದು ಗೆಲುವಲ್ಲ, ಏಕೆಂದರೆ ಸ್ವತಂತ್ರದ ಇರವನ್ನು ಇದು ಸಾಧಿಸುವುದಿಲ್ಲ. ಕಡಿಮೆ ನಷ್ಟ, ಅಷ್ಟೇ.

ಶಂಕರರು ಕಾಂತದ ಪಕ್ಕದಲ್ಲಿಟ್ಟ ಇನ್ನೊಂದು ಉದಾಹರಣೆಯ ಗತಿಯೇನು ಎಂಬುದು ಇವೆಲ್ಲಕ್ಕಿಂತ ಕುತೂಹಲದ ಪ್ರಶ್ನೆ. ರೂಪವೊಂದು ಕಣ್ಣನ್ನು ಎಳೆಯುವಾಗ ಅಲ್ಲಿ ಬಲದ ಲೆಕ್ಕವಿಲ್ಲ. ಮರವಂತೆಯ ಕಡಲನ್ನು ನೋಡಲು ದೂರದಿಂದ ಬಂದು ಹೆದ್ದಾರಿಯ ಬದಿಯಲ್ಲಿ ನಿಂತವರ ನೋಟದ ತೂಕ ಆ ಕಡಲಿನ ಮೇಲೆ ಬೀಳುವುದಿಲ್ಲ. ಅರಿಸ್ಟಾಟಲನೂ ತಾನು ಕದಲದೆ ಜಗತ್ತನ್ನು ಕದಲಿಸುವ ತನ್ನ ಮೂಲತತ್ತ್ವಕ್ಕೆ ಕಾಂತವನ್ನು ಆರಿಸದೆ, ಪ್ರೀತಿಸಲ್ಪಡುವ ವಸ್ತು ಪ್ರೀತಿಸುವವನನ್ನು ಚಲಿಸುವಂತೆ ಮಾಡುವ ಬಗೆಯನ್ನು ಆರಿಸಿಕೊಂಡನು. ಬಲದ ಲೋಕದಲ್ಲಿ ಜಾಗ ಕಳೆದುಕೊಂಡ ನಿಶ್ಚಲ ಪ್ರೇರಕ, ಬಯಕೆಯ ಲೋಕದಲ್ಲಿ ಇನ್ನೂ ಉಳಿಯಬಲ್ಲದು. ಕಾಂತವನ್ನು ಕೈಬಿಟ್ಟು ರೂಪವನ್ನು ಉಳಿಸಿಕೊಳ್ಳುವುದೇ ಅದ್ವೈತಿಗೆ ಒಳ್ಳೆಯ ದಾರಿಯೆಂದು ತೋರುತ್ತದೆ.

ಆದರೆ ಈ ನೆಲದ ಐತಿಹ್ಯಗಳು ಅಷ್ಟಕ್ಕೂ ಒಪ್ಪುವಂತೆ ಕಾಣುವುದಿಲ್ಲ. ಉಡುಪಿಯ ಗುಡಿಯ ಹಿಂಬದಿಯಲ್ಲಿ ನಿಂತ ಕನಕದಾಸರಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದನೆಂದು ಜನ ಹೇಳುತ್ತಾರೆ. ನೋಡಿದವನ ನೋಟದ ತೂಕ ರೂಪದ ಮೇಲೆ ಬಿದ್ದ ಕಥೆಯದು. ಕೊಲ್ಲೂರಿನ ಕಥೆ ಇನ್ನೂ ಹತ್ತಿರದ್ದು. ದೇವಿ ಶಂಕರರ ಹಿಂದೆ ಬರಲು ಒಪ್ಪಿದ್ದು, ಅವರು ಹಿಂತಿರುಗಿ ನೋಡಬಾರದು ಎಂಬ ಕರಾರಿನ ಮೇಲೆ. ಗೆಜ್ಜೆಯ ಸದ್ದೇ ಅವಳು ಬರುತ್ತಿದ್ದಾಳೆ ಎಂಬುದಕ್ಕೆ ಗುರುತು. ದಾರಿಯಲ್ಲಿ ಸದ್ದು ನಿಂತಿತು, ಮುಂದೆ ನಡೆಯುತ್ತಿದ್ದವರು ತಿರುಗಿ ನೋಡಿದರು, ಅವಳು ಅಲ್ಲಿಯೇ ನೆಲೆಸಿದಳು. ಕರೆದುಕೊಂಡು ಹೋಗುತ್ತಿದ್ದವರನ್ನು ಹಿಂದೆ ಬರುತ್ತಿದ್ದವಳು ನಿಲ್ಲಿಸಿದಳು, ಅದೂ ಮುಟ್ಟದೆ, ಮಾತಾಡದೆ, ಸದ್ದನ್ನು ನಿಲ್ಲಿಸುವ ಮೂಲಕ. ನಿಷ್ಕ್ರಿಯ ಬ್ರಹ್ಮವನ್ನು ಹೇಳಿದ ಆಚಾರ್ಯರ ಮೇಲೆಯೇ ಜನ ಈ ಕಥೆಯನ್ನು ಹೊರಿಸಿದ್ದರಲ್ಲಿ ಒಂದು ಮೆಲುನಗೆ ಇದ್ದರೂ ಇರಬಹುದು.

ಇಷ್ಟಾಗಿಯೂ ಸಾಂಖ್ಯರ ವಿರುದ್ಧ ಶಂಕರರು ಎತ್ತಿದ ಕೊನೆಯ ತಕರಾರು, ಕಾಂತಕ್ಕೆ ಉಜ್ಜಿ ಶುಚಿಗೊಳಿಸುವ ಅಪೇಕ್ಷೆಯೂ ಉಂಟು ಎಂಬುದು, ಓದುವವರು ಸಾಮಾನ್ಯವಾಗಿ ಹಾರಿಸಿ ಮುಂದೆ ಹೋಗುವ ಮಾತು. ಹಳೆಯ ಮೀಟರಿನ ಲಾಳದ ಕಾಂತಕ್ಕೆ ಅದು ಒಂದು ಬಗೆಯಲ್ಲಿ ಅನ್ವಯಿಸುತ್ತದೆ. ವರ್ಷಗಳು ಕಳೆದಂತೆ, ಅಥವಾ ಬಿಸಿಗೆ ಪೆಟ್ಟಿಗೆ ಸಿಕ್ಕು, ಆ ಕಾಂತ ಸ್ವಲ್ಪ ಬಲಗುಂದಿದರೆ ತಡೆ ಕಡಿಮೆಯಾಗುತ್ತದೆ, ತಟ್ಟೆ ಇರಬೇಕಾದ್ದಕ್ಕಿಂತ ಬೇಗ ತಿರುಗುತ್ತದೆ, ಉರಿಸದ ದೀಪದ ಲೆಕ್ಕ ಮನೆಯವರ ಮೇಲೆ ಬೀಳುತ್ತದೆ. ಅದಕ್ಕಾಗಿಯೇ ಆ ಮೀಟರುಗಳಲ್ಲಿ ಕಾಂತವನ್ನು ತಟ್ಟೆಯ ನಡುವಿನ ಕಡೆಗೋ ಅಂಚಿನ ಕಡೆಗೋ ತುಸು ಸರಿಸಲು ಅನುಕೂಲ ಇಟ್ಟಿರುತ್ತಿದ್ದರು. ಪರೀಕ್ಷೆಗೆ ಬಂದ ಮೀಟರನ್ನು ಮೇಜಿನ ಮೇಲಿಟ್ಟು, ಗೊತ್ತಾದ ಭಾರ ಹಾಕಿ, ಬಣ್ಣದ ಗುರುತಿನ ಸುತ್ತುಗಳನ್ನು ಗಡಿಯಾರದೊಡನೆ ಎಣಿಸಿ, ಕಾಂತವನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಎಣಿಸಿ, ಸರಿಯೆನಿಸಿದ ಮೇಲೆ ಮುಚ್ಚಳ ಮುಚ್ಚಿ ಸೀಲು ಹಾಕುತ್ತಿದ್ದರು.